ಕವಿಗಳ ಬೆನ್ನಿಗೆ ಬಿದ್ದ ಜೇನು

ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ಜೇನಕ್ಕ ಮಾಡುವ ಮೊದಲ ಕೆಲಸ ಮಹನೀಯರ ಮೂಗು ಒರೆಸುವುದು. ಮ್ಯೂಸಿಯಮ್ಮಿನ ಕೆಳಗಿನ ಹಾಲ್‌ನಲ್ಲಿ ರಾಜರು, ಪಂಡಿತರು, ನಾಟಕ ಬರೆದವರು, ನಕ್ಷತ್ರಗಳ ಹಿಂದೆ ಬಿದ್ದವರು ಎಲ್ಲರೂ ಎದೆಮಟ್ಟಕ್ಕೆ ಮಾತ್ರ ಇದ್ದಾರೆ, ಕಟ್ಟೆಗಳ ಮೇಲೆ ಸಾಲಾಗಿ. ಎಷ್ಟೇ ದೊಡ್ಡ ಹೆಸರು ಮಾಡಿದ ಮನುಷ್ಯನಾದರೂ ಸರಿ, ಬೆಳಗಾಗುವಷ್ಟರಲ್ಲಿ ಮೂಗಿನ ತುದಿಯಲ್ಲಿ ಧೂಳು ಕೂತೇ ಕೂತಿರುತ್ತದೆ. ಹೆಗಲ ಮೇಲೆ ಸದಾ ಒಂದು ಹಳದಿ ಒರೆಸುಬಟ್ಟೆ ಹಾಕಿಕೊಂಡಿರುವ ಜೇನಕ್ಕ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಹೋಗುತ್ತಾಳೆ. ರಾಜರ ಹತ್ತಿರ ಮಾತು ಕಡಿಮೆ. ಗಡ್ಡದ ಗ್ರೀಕ್ ಪಂಡಿತರ ಹತ್ತಿರ ಮಾತ್ರ ದಿನಾ ಒಂದು ಜಗಳ. ಜೇನುಗೂಡಿನ ಯಜಮಾನಿಯನ್ನು ಹೆಣ್ಣು ಅಂತ ಗುರುತಿಸದೆ ‘ರಾಜ’ ಅಂತ ಬರೆದಿಟ್ಟು ಹೋದವರು ಅವರೇ. ಆಮೇಲೆ ಎರಡು ಸಾವಿರ ವರ್ಷ ಕಳೆದು ಯಾರೋ ಡಚ್ ವೈದ್ಯರು ಸೂಕ್ಷ್ಮದರ್ಶಕದ ಕೆಳಗೆ ಆ ‘ರಾಜ’ನ ಹೊಟ್ಟೆ ಬಿಡಿಸಿ ನೋಡಿದರೆ ಒಳಗೆಲ್ಲ ಮೊಟ್ಟೆ. “ಇಷ್ಟು ದೊಡ್ಡ ಗಡ್ಡ ಬಿಟ್ಕೊಂಡು ಒಂದು ಹೆಂಗಸನ್ನ ಗುರುತು ಹಿಡಿಯೋಕಾಗ್ಲಿಲ್ವಾ ನಿಮಗೆ,” ಅಂತ ಜೇನಕ್ಕ ಅವರ ಮೂಗನ್ನು ಸ್ವಲ್ಪ ಜೋರಾಗಿಯೇ ತಿಕ್ಕುತ್ತಾಳೆ.

ಅವಳನ್ನು ಜೇನಕ್ಕ ಅಂತ ಕರೆಯಲು ಶುರು ಮಾಡಿದ್ದು ಮ್ಯೂಸಿಯಂ ನೋಡಲು ಬರುವ ಶಾಲೆ ಮಕ್ಕಳು. ಈಗ ಗೇಟ್ ಕಾಯುವವನಿಂದ ಹಿಡಿದು ಡೈರೆಕ್ಟರ್ ಮೇಡಂವರೆಗೆ ಎಲ್ಲರಿಗೂ ಅದೇ ರೂಢಿ. ಕಾರಣ ಮಹಡಿ ಮೇಲಿದೆ. ಮಹಡಿಯದು ಪ್ರಕೃತಿಯ ವಿಭಾಗ. ಬಾಗಿಲಷ್ಟು ಉದ್ದದ ತಿಮಿಂಗಿಲದ ಪಕ್ಕೆಲುಬು, ಕಲ್ಲಾಗಿ ಹೋದ ಜರಿಗಿಡ, ಆಕಾಶದಿಂದ ಬಿದ್ದ ಕಪ್ಪು ಬಂಡೆಯ ಚೂರು ಎಲ್ಲ ಅಲ್ಲಿವೆ. ಇವೆಲ್ಲ ಸತ್ತು ಯಾವ ಕಾಲವೋ ಆಯಿತು. ಆದರೆ ಕಿಟಕಿ ಪಕ್ಕದ ಮೂಲೆಯಲ್ಲಿ ಒಂದು ಜೀವಂತ ವಸ್ತು ಇದೆ, ಗಾಜಿನ ಜೇನುಗೂಡು. ಎರಡು ಗಾಜಿನ ಹಲಗೆ, ನಡುವೆ ಹುಳಗಳೇ ಕಟ್ಟಿದ, ಕಣ್ಣುಕಣ್ಣಿನ ಮೇಣದ ಎರಿಗಳು, ಎರಿಗಳ ಮೇಲೆ ಗಿಜಿಗಿಜಿ ಅನ್ನುವ ಸಾವಿರಾರು ಹುಳ. ಗೂಡಿನಿಂದ ಒಂದು ಕೊಳವೆ ಗೋಡೆಯನ್ನು ತೂರಿಕೊಂಡು ಕಟ್ಟಡದ ಹಿಂಬದಿಗೆ ಹೋಗುತ್ತದೆ, ಹುಳಗಳು ಅದರಲ್ಲೇ ಓಡಾಡುತ್ತವೆ.

ಅದನ್ನು ಕೊಟ್ಟವರು ರಿಟೈರ್ ಆದ ಒಬ್ಬ ಜೀವಶಾಸ್ತ್ರದ ಮೇಷ್ಟ್ರು. ಗೂಡು ಬಂದಾಗ ಅದರ ಹತ್ತಿರ ಹೋಗಲು ಯಾರಿಗೂ ಧೈರ್ಯವಿರಲಿಲ್ಲ. ಆಗಷ್ಟೇ ಧೂಳು ಹೊಡೆಯುವ ಕೆಲಸಕ್ಕೆ ಸೇರಿದ್ದವಳು ಇವಳು. ಹೇಗೂ ಅವಳು ಒರೆಸಲು ಹೋಗಲೇಬೇಕಲ್ಲ ಅಂತ ಎಲ್ಲರೂ ಸೇರಿ ಅವಳ ತಲೆಗೆ ಕಟ್ಟಿದರು. ಮೇಷ್ಟ್ರು ಒಂದು ವರ್ಷ ದಿನಾ ಸಂಜೆ ಬಂದು, ಟಾರ್ಚಿಗೆ ಕೆಂಪು ಕಾಗದ ಸುತ್ತಿ (ಹುಳಗಳಿಗೆ ಕೆಂಪು ಕಾಣುವುದೇ ಇಲ್ಲ), ಅವಳಿಗೆ ಹುಳಗಳ ಕುಣಿತ ತೋರಿಸಿದರು. ಹೂವಿನ ಜಾಗ ನೋಡಿ ಬಂದ ಹುಳ ಎರಿಯ ಮೇಲೆ ಹೊಟ್ಟೆ ಅಲ್ಲಾಡಿಸುತ್ತಾ ಒಂದು ಗೆರೆ ಎಳೆದ ಹಾಗೆ ಓಡುತ್ತದೆ. ಆ ಗೆರೆ ನೇರ ಮೇಲಕ್ಕಿದ್ದರೆ ಸೂರ್ಯನ ಕಡೆಗೇ ಹೋಗಿ ಅಂತ ಅರ್ಥ. ಬಲಕ್ಕೆ ವಾಲಿದ್ದರೆ ಸೂರ್ಯನಿಂದ ಅಷ್ಟೇ ಬಲಕ್ಕೆ. ಅಲ್ಲಾಡಿಸುವುದು ಜಾಸ್ತಿ ಹೊತ್ತಾದರೆ ಜಾಗ ದೂರ. ತೀರ ಪಕ್ಕದಲ್ಲೇ ಇದ್ದರೆ ಗೆರೆಯೇ ಇಲ್ಲ, ಸುಮ್ಮನೆ ಗುಂಡಗೆ ಸುತ್ತುತ್ತದೆ. ನಕಾಶೆ ಇಲ್ಲ, ಬಾಯಿ ಇಲ್ಲ, ಒಳಗೆ ಕಗ್ಗತ್ತಲು, ಆದರೂ ಬರೀ ಕುಣಿದು ವಿಳಾಸ ಹೇಳುತ್ತವೆ! ಅದು ಮೊದಲು ತಿಳಿದ ದಿನ ಜೇನಕ್ಕ ಬಸ್ಸಿನಲ್ಲಿ ತನ್ನ ಸ್ಟಾಪು ಬಂದದ್ದೂ ಗೊತ್ತಾಗದೆ ಮುಂದೆ ಹೋಗಿಬಿಟ್ಟಿದ್ದಳು.

ಮೇಷ್ಟ್ರು ಹೇಳಿದ ಕಥೆಗಳಲ್ಲಿ ಅವಳಿಗೆ ತುಂಬ ಇಷ್ಟವಾದದ್ದು ಕಣ್ಣು ಕಾಣದ ಒಬ್ಬ ಸ್ವಿಸ್ ವಿಜ್ಞಾನಿಯದು. ಆತ ಪ್ರಶ್ನೆ ಕೇಳುವುದು, ಆತನ ಆಳು ಗೂಡಿನ ಮುಂದೆ ಕೂತು ನೋಡಿ ಹೇಳುವುದು. ರಾಣಿ ಹುಳ ಗೂಡಿನಿಂದ ಹೊರಗೆ ಹಾರಿಹೋಗಿ ಗಾಳಿಯಲ್ಲೇ ಗಂಡುಗಳನ್ನು ಕೂಡಿ ಬರುತ್ತದೆ ಅಂತ ಖಾತ್ರಿ ಮಾಡಿ ತೋರಿಸಿದವರು ಅವರಿಬ್ಬರು. ಅವರಿಗೂ ಕೆಳಗೆ ಒಂದು ಕಟ್ಟೆ ಕೊಡಿ ಅಂತ ಜೇನಕ್ಕ ಎರಡು ಸಲ ಕೇಳಿದ್ದಳು, ಇಬ್ಬರಿಗೂ ಸೇರಿ ಒಂದಾದರೂ ಸಾಕು ಅಂತ. ಜಾಗ ಇಲ್ಲ ಅಂದಿದ್ದರು.

ಮೇಷ್ಟ್ರು ಈಗಿಲ್ಲ. ಗೂಡು ಇದೆ. ಲಾರಿ ಓಡಿಸುವ ಗಂಡ ಊರಿನಲ್ಲಿರುವುದು ತಿಂಗಳಿಗೆ ನಾಲ್ಕು ದಿನ. “ನಿನ್ನ ನಿಜವಾದ ಸಂಸಾರ ಆ ಗಾಜಿನ ಪೆಟ್ಟಿಗೇಲಿದೆ,” ಅಂತ ಅವನು ಆಗಾಗ ಚುಚ್ಚುವುದೂ ಇದೆ. ಅವಳು ಇಲ್ಲ ಅನ್ನಲು ಹೋಗುವುದಿಲ್ಲ.

ಆದರೆ ಈಚೆಗೆ ಆ ಸಂಸಾರದ ಮೇಲೇ ಕತ್ತಿ ತೂಗುತ್ತಿತ್ತು. ಗಾಜಿನ ಚೌಕಟ್ಟಿನ ಸಂದಿಯಿಂದ ಒಂದು ಹುಳ ಹೇಗೋ ಹೊರಬಂದು, ನೋಡಲು ಬಂದಿದ್ದ ಮಗುವಿನ ಬೆರಳಿಗೆ ಕಚ್ಚಿತ್ತು. ಮಗು ಅತ್ತು ಐದು ನಿಮಿಷಕ್ಕೆ ಮರೆತುಬಿಟ್ಟಿತು, ಅದರ ಅಪ್ಪ ಮರೆಯಲಿಲ್ಲ. ಕಮಿಟಿಗೆ ದೂರು ಹೋಯಿತು. ಡೈರೆಕ್ಟರ್ ಮೇಡಂ ಕೆಟ್ಟವರಲ್ಲ, ಆದರೆ ಎರಡೂ ಕಡೆಯವರ ಮಾತು ಕೇಳಿ ಸುಸ್ತಾದವರು. ಜೇನಕ್ಕನನ್ನು ಕರೆದು, ಸಂದಿ ಮುಚ್ಚಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇನ್ನೊಂದು ಏನಾದ್ರೂ ಆದ್ರೆ ನನ್ನ ಕೈಲಿ ಉಳಿಸ್ಕೊಳ್ಳೋಕಾಗಲ್ಲ ಜೇನಕ್ಕ. ಗೂಡು ತೆಗೀಬೇಕಾಗುತ್ತೆ,” ಅಂದಿದ್ದರು. ಅಂದಿನಿಂದ ಜೇನಕ್ಕನ ಎದೆಯಲ್ಲಿ ಒಂದು ಢವಢವ ಬಾಡಿಗೆಗೆ ಬಂದು ಕೂತಿತ್ತು. ಯಾವ ಮಗು ಗಾಜಿನ ಮೇಲೆ ಕೈಯಿಟ್ಟರೂ ಇವಳು ಓಡಿ ಹೋಗಿ ಚೌಕಟ್ಟಿನ ಸಂದಿ ಮುಟ್ಟಿ ನೋಡುತ್ತಿದ್ದಳು.

ಅಂಥಾ ಹೊತ್ತಿನಲ್ಲೇ ಕವಿಗಳು ಬಂದರು.

ಕವಿಗಳು ಅಂದರೆ ಇದೇ ಊರಿನವರು. ಜೀವನವೆಲ್ಲ ಒಂದು ಪ್ರೆಸ್ಸಿನಲ್ಲಿ ಬೇರೆಯವರ ತಪ್ಪು ತಿದ್ದುತ್ತಾ ಕೂತವರು, ಉಳಿದ ಹೊತ್ತಿನಲ್ಲಿ ಬರೆದ ಪದ್ಯಗಳು ಈಗ ಎಲ್ಲ ಮಕ್ಕಳ ಬಾಯಲ್ಲಿವೆ. ತೀರಿಕೊಂಡು ಬಹಳ ವರ್ಷಗಳಾಗಿ, ಈಗ ಊರಿಗೆ ಅವರ ನೆನಪಾಗಿ, ಕುರ್ಚಿಯಲ್ಲಿ ಕೂತ ಭಂಗಿಯ ಆಳೆತ್ತರದ ಪ್ಲಾಸ್ಟರ್ ಪ್ರತಿಮೆ ಆಗಬೇಕು ಅಂತ ತೀರ್ಮಾನವಾಯಿತು. ಕೆಲಸ ಸಿಕ್ಕಿದ್ದು ಜೇನಕ್ಕನ ಮೈದುನನಿಗೆ. ಅವನು ಬಟ್ಟೆ ಅಂಗಡಿಗಳ ಶೋಕೇಸಿಗೆ ಬೊಂಬೆ ಮಾಡುವವನು. ತಲೆಯಿರುವ, ಅದರಲ್ಲೂ ತಲೆಯೊಳಗೆ ಏನಾದರೂ ಇದ್ದ ಮನುಷ್ಯನನ್ನು ಮಾಡಿದ್ದು ಇದೇ ಮೊದಲು. ಇದು ಚೆನ್ನಾಗಿ ಬಂದರೆ ಇನ್ನು ಶೋಕೇಸಿನ ಸಹವಾಸ ಬೇಡ ಅಂತ ಅವನ ಆಸೆ. ಪ್ರತಿಮೆ ಮುಗಿದ ದಿನ ಜೇನಕ್ಕ ಸುತ್ತು ಬಂದು ನೋಡಿ, ಮುಖ ಕಣ್ಣಿಗೆ ಕಟ್ಟಿದ ಹಾಗೆ ಬಂದಿದೆ, ಆದರೆ ಕವಿಗಳಿಗೆ ಸೊಂಟ ಮಾತ್ರ ಸೀರೆ ಅಂಗಡಿಯದು ಬಂದುಬಿಟ್ಟಿದೆ ಅಂದಳು. ಅವನು ಒಂದು ದಿನ ಮಾತು ಬಿಟ್ಟಿದ್ದ.

ಪ್ರತಿಮೆಯ ಮೇಲಿನ ಬಟ್ಟೆ ಸರಿಸುವ ಕಾರ್ಯಕ್ರಮ ಬೆಳಿಗ್ಗೆ ಹನ್ನೊಂದಕ್ಕೆ. ಹಾಲ್‌ನಲ್ಲಿ ಅಷ್ಟು ಜನ ಹಿಡಿಸುವುದಿಲ್ಲ ಅಂತ ಕಟ್ಟಡದ ನಡುವಿನ ಅಂಗಳದಲ್ಲೇ ವೇದಿಕೆ, ಕುರ್ಚಿ, ಮೈಕು. ಕವಿಗಳನ್ನು ಅಂಗಳದ ಗೋಡೆಗೆ ಬೆನ್ನು ಕೊಟ್ಟ ಹಾಗೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಹಿಂದಿನ ದಿನ ಸಂಜೆ ಪೀಠ ಒರೆಸುವಾಗ ಬಟ್ಟೆಯ ಹತ್ತಿರ ನಾಲ್ಕೈದು ಹುಳ ಓಡಾಡುವುದನ್ನು ಜೇನಕ್ಕ ನೋಡಿದ್ದಳು. ವೇದಿಕೆಯ ಹೂಕುಂಡಗಳಿಗೆ ಬಂದಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು.

ಆ ಇಡೀ ವಾರ ಮೋಡ, ಜಿಟಿಜಿಟಿ ಮಳೆ. ಗೂಡು ತುಂಬಿ ತುಳುಕುತ್ತಿತ್ತು. ಎರಿಯ ಅಂಚಿನಲ್ಲಿ ಕಡಲೆಕಾಯಿಯಂಥ ರಾಣಿಕೋಣೆಗಳು ಜೋತುಬಿದ್ದಿದ್ದವು, ಒಳಗೆ ಹೊಸ ರಾಣಿಯರು ಬೆಳೆದು ನಿಂತಿದ್ದರು. ಅದರ ಅರ್ಥ ಜೇನಕ್ಕನಿಗೆ ಚೆನ್ನಾಗಿ ಗೊತ್ತು: ಗೂಡು ಪಾಲಾಗುತ್ತದೆ. ಮನುಷ್ಯರ ಮನೆ ಪಾಲಾದರೆ ಮನೆ ಬಿಟ್ಟು ಹೋಗುವವರು ಮಕ್ಕಳು. ಇಲ್ಲಿ ಹಾಗಲ್ಲ, ಕಟ್ಟಿ ಬೆಳೆಸಿದ ಮನೆಯನ್ನು ಮಗಳಿಗೆ ಬಿಟ್ಟುಕೊಟ್ಟು, ಅರ್ಧ ಬಳಗ ಕಟ್ಟಿಕೊಂಡು ಮುದಿ ತಾಯಿಯೇ ಬೀದಿಗಿಳಿಯುತ್ತಾಳೆ. ಅಷ್ಟರೊಳಗೆ ತಾನೇ ಅರ್ಧ ಹುಳಗಳನ್ನು ತೆಗೆದು ಬೇರೆ ಪೆಟ್ಟಿಗೆಗೆ ಹಾಕಬೇಕು ಅಂತ ಜೇನಕ್ಕ ಮೆಟ್ಟಿಲ ಕೆಳಗೆ ಮರದ ಪೆಟ್ಟಿಗೆ ರೆಡಿ ಮಾಡಿಟ್ಟಿದ್ದಳು. ಆದರೆ ಕಾರ್ಯಕ್ರಮದ ಗಡಿಬಿಡಿಯಲ್ಲಿ ಕುರ್ಚಿ ಒರೆಸು, ಕಂಬ ಒರೆಸು ಅಂತ ಅವಳನ್ನು ಯಾರೂ ಬಿಡಲಿಲ್ಲ. ಮೋಡ ಇರುವವರೆಗೆ ಹೊರಡಲಾರವು ಅನ್ನುವುದೊಂದೇ ಧೈರ್ಯ.

ಕಾರ್ಯಕ್ರಮದ ದಿನ ಬೆಳಿಗ್ಗೆ ನೋಡಿದರೆ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ. ಎಲ್ಲರೂ ಪುಣ್ಯ ಪುಣ್ಯ ಅಂದರು. ಜೇನಕ್ಕ ಮಾತ್ರ ನೇರ ಮೆಟ್ಟಿಲ ಕಡೆ ಓಡಿದಳು.

ಮಹಡಿ ಹತ್ತಿ ಬಾಗಿಲು ತೆರೆದಾಗಲೇ ಗೂಡಿನ ಸದ್ದು ಬೇರೆಯಾಗಿತ್ತು. ಅವಳು ನೋಡುನೋಡುತ್ತಿದ್ದ ಹಾಗೆ ನಲ್ಲಿ ತಿರುಗಿಸಿದ ಹಾಗೆ ಹುಳಗಳು ಕೊಳವೆಯಿಂದ ಸುರಿಯತೊಡಗಿದವು. ಕಿಟಕಿಯಿಂದ ಬಗ್ಗಿ ನೋಡಿದರೆ ಹಿಂಬದಿಯ ಆಕಾಶವೆಲ್ಲ ಚುಕ್ಕೆ ಚುಕ್ಕೆ. ಸ್ವಲ್ಪ ಹೊತ್ತು ಹಾರಾಡಿ, ಆಮೇಲೆ ಮಾಡಿನ ಕೆಳಗೆ ಮಳೆನೀರಿನ ಪೈಪು ಬಾಗುವ ಜಾಗದಲ್ಲಿ ಒಂದರ ಮೇಲೊಂದು ಕೂತು, ಕಂದು ಬಣ್ಣದ ಒಂದು ದೊಡ್ಡ ಗೊಂಚಲಾದವು. ಕಟ್ಟಡದ ಹಿಂಬದಿಯಾದ್ದರಿಂದ ಅಂಗಳದವರು ಯಾರೂ ನೋಡಲಿಲ್ಲ. ಕಿಟಕಿಯಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ.

ಏಣಿ ಇದ್ದರೆ ಕಾಲು ಗಂಟೆಯ ಕೆಲಸ. ಓಡಿ ಕೆಳಗೆ ಬಂದರೆ ಇದ್ದ ಒಂದೇ ಏಣಿಯ ತುದಿಯಲ್ಲಿ ಬ್ಯಾನರ್ ಕಟ್ಟುವವನು ಕೂತಿದ್ದ. ಅವನು ಬಾಯಲ್ಲಿ ದಾರ ಕಚ್ಚಿಕೊಂಡೇ, ಕಟ್ಟಿ ಮುಗಿಸಿ ಕೊಡುತ್ತೇನೆ ಅಂದ. ಕಟ್ಟಿ ಮುಗಿಸಿದ ಮೇಲೆ ಮೈಕಿನವನು ಸ್ಪೀಕರ್ ಏರಿಸಲು ಅದೇ ಏಣಿ ಎಳೆದುಕೊಂಡು ಹೋದ. ಯಾಕೆ ಬೇಕು ಅಂತ ಕೇಳಿದರೆ ಹೇಳುವ ಹಾಗಿಲ್ಲ. ಹುಳ ಅನ್ನುವ ಒಂದು ಶಬ್ದ ಬಾಯಿಂದ ಬಿದ್ದರೂ ಸಾಕು, ಮೇಡಂ ಕಿವಿಗೆ ಹೋಗುತ್ತದೆ, ಗೂಡು ಹೋಯಿತು ಅಂತಲೇ ಲೆಕ್ಕ.

ಉಳಿದದ್ದು ಒಂದೇ ದಾರಿ, ಕಾದು ನೋಡುವುದು. ಗೊಂಚಲಿನಿಂದ ಕೆಲವು ಹುಳಗಳು ಮನೆ ಹುಡುಕಲು ಹೋಗುತ್ತವೆ. ಜೇನಕ್ಕ ಅವನ್ನು ಬ್ರೋಕರ್‌ಗಳು ಅಂತಲೇ ಕರೆಯುವುದು. ಪೊಟರೆಯೋ ಬಿರುಕೋ ಸಿಕ್ಕರೆ ವಾಪಸ್ ಬಂದು ಗೊಂಚಲಿನ ಮೇಲೆಯೇ ಕುಣಿದು ಹೇಳುತ್ತವೆ. ಒಂದೊಂದು ಬ್ರೋಕರ್ ಒಂದೊಂದು ಮನೆ ಹೊಗಳುತ್ತದೆ, ಬೇರೆಯವು ಹೋಗಿ ನೋಡಿ ಬರುತ್ತವೆ, ಕೊನೆಗೆ ಎಲ್ಲವೂ ಒಂದೇ ಜಾಗವನ್ನು ಹೊಗಳಲು ಶುರು ಮಾಡಿದರೆ ಗೊಂಚಲು ಎದ್ದು ಹೊರಡುತ್ತದೆ. ದೂರದ ಜಾಗವಾದರೆ ಸಾಕಪ್ಪ ಅಂತ ಜೇನಕ್ಕ ಕಿಟಕಿಯ ಅಂಚಿಗೆ ಹೊಟ್ಟೆ ಒತ್ತಿ ಬಗ್ಗಿದಳು. ಒಂದು ಹುಳ ಗೆರೆ ಎಳೆದು ಕುಣಿಯಿತು. ಸೂರ್ಯನಿಂದ ಎಡಕ್ಕೆ, ತುಂಬ ಹೊತ್ತಿನ ಕುಣಿತ. ಕೆರೆಯಾಚೆಯ ದೊಡ್ಡ ಮರಗಳು ಇರಬೇಕು. ಅವಳಿಗೆ ಹೋದ ಉಸಿರು ಬಂತು. ಹೋಗಿ ತಾಯಿ, ನಾನು ಅಡ್ಡ ಬರಲ್ಲ ಅಂದುಕೊಂಡಳು. ನಡುನಡುವೆ ಕೆಲವು ಹುಳಗಳು ಸುಮ್ಮನೆ ಗಿರಗಿರ ಸುತ್ತುತ್ತಿದ್ದವು. ಪಾಲಾದ ಹುಳ ಹುಟ್ಟಿದ ಮನೆಯಿಂದ ದೂರವೇ ಹೋಗುತ್ತದೆ, ಅದು ಅವಳು ಇಷ್ಟು ವರ್ಷ ನೋಡಿದ್ದು. ಇವಕ್ಕೆ ಇನ್ನೂ ಏನೂ ಸಿಕ್ಕಿಲ್ಲ, ಖುಷಿಗೆ ಸುತ್ತುತ್ತಿವೆ ಅಂತ ಅವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅಲ್ಲೇ ಅವಳು ತಪ್ಪಿದ್ದು. ಸ್ವಲ್ಪ ಹೊತ್ತಿಗೆ ಕೆರೆಯ ಬ್ರೋಕರ್ ಕುಣಿತ ನಿಲ್ಲಿಸಿತು. ಗೆರೆ ಎಳೆಯುವ ಇನ್ನೊಂದು ಹುಳವೂ ನಿಲ್ಲಿಸಿತು. ಸುತ್ತುವವು ಮಾತ್ರ ಹತ್ತಾದವು, ಇಪ್ಪತ್ತಾದವು, ಗೊಂಚಲಿನ ಮೈತುಂಬ ಬರೀ ಸುತ್ತುವ ಹುಳಗಳೇ. ಕೆಂಪು ಟಾರ್ಚ್ ಹಿಡಿದ ಮೇಷ್ಟ್ರ ದನಿ ಕಿವಿಯಲ್ಲಿ ಬಂದ ಹಾಗಾಯಿತು: ತೀರ ಪಕ್ಕದಲ್ಲೇ ಇದ್ದರೆ ಗೆರೆ ಇಲ್ಲ ಕಣಮ್ಮ, ಗುಂಡಗೆ ಸುತ್ತುತ್ತೆ. ಇವು ಕೆಲಸವಿಲ್ಲದೆ ಸುತ್ತುತ್ತಿಲ್ಲ. ಇವು ಹೇಳುತ್ತಿರುವುದು ಇಲ್ಲೇ, ಇಲ್ಲೇ, ಇಲ್ಲೇ ಅಂತ.

ಇಲ್ಲೇ ಅಂದರೆ ಎಲ್ಲಿ?

ಮಾಡಿನ ಸಂದಿ ನೋಡಿದಳು. ಮೆಟ್ಟಿಲ ಕೆಳಗೆ ನೋಡಿದಳು. ಸ್ವಿಚ್ ಬೋರ್ಡ್ ಪೆಟ್ಟಿಗೆ ತೆಗೆದು ನೋಡಿದಳು. ಅಂಗಳಕ್ಕೆ ಬಂದಾಗ ಕುರ್ಚಿಗಳೆಲ್ಲ ಭರ್ತಿಯಾಗಿದ್ದವು, ಮುಂದೆ ನೆಲದ ಮೇಲೆ ಶಾಲೆ ಮಕ್ಕಳು, ಗಂಟಲು ಸರಿಮಾಡಿಕೊಳ್ಳುವ ಮೈಕು. ಕವಿಗಳ ಬಿಳಿ ಬಟ್ಟೆಯ ಹಿಂದೆ, ಗೋಡೆಯ ಕಡೆಯ ಸಂದಿಯಲ್ಲಿ ಹುಳಗಳು ನುಗ್ಗುತ್ತಿದ್ದವು, ಹೊರಬರುತ್ತಿದ್ದವು. ನಿನ್ನೆಯ ನಾಲ್ಕೈದಲ್ಲ, ನೂರರ ಮೇಲೆ.

ಮೈದುನ ಹೊಸ ಶರ್ಟ್ ಹಾಕಿ, ತಲೆಗೆ ಎಣ್ಣೆ ಮೆತ್ತಿಕೊಂಡು, ಮದುಮಗನ ಹಾಗೆ ಪಕ್ಕದಲ್ಲಿ ನಿಂತಿದ್ದ. ಜೇನಕ್ಕ ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದಳು.

“ಪ್ರತಿಮೆ ಬೆನ್ನಲ್ಲಿ ತೂತೇನಾದ್ರೂ ಇದ್ಯಾ?”

“ಗಾಳಿಕಿಂಡಿ ಬಿಟ್ಟಿದ್ದೀನಿ ಅತ್ತಿಗೆ. ಒಳಗಿನ ಪ್ಲಾಸ್ಟರ್ ಇನ್ನೂ ಹಸಿ, ಒಣಗ್ಬೇಕಲ್ಲ. ತಿಂಗಳು ಬಿಟ್ಟು ಮುಚ್ತೀನಿ. ಯಾರಿಗೂ ಕಾಣಲ್ಲ, ಬೆನ್ನು ಗೋಡೆ ಕಡೆಗಿದೆ.”

“ಒಳಗೆ ಏನಿದೆ?”

“ಏನಿರುತ್ತೆ, ಟೊಳ್ಳು. ಮರದ ಚೌಕಟ್ಟಿದೆ. ಗೆದ್ದಲು ಹಿಡೀಬಾರ್ದು ಅಂತ ಅದಕ್ಕೆ ನೀವು ಕೊಟ್ಟಿದ್ರಲ್ಲ, ಹಳೇ ಎರಿ ಕರಗಿಸಿದ ಮೇಣ, ಅದನ್ನೇ ಎರಡು ಕೋಟ್ ಬಳಿದಿದ್ದೀನಿ. ಘಮ್ ಅಂತಿದೆ ನೋಡಿ ಒಳಗೆ.” ಆಮೇಲೆ ಅವಳ ಮುಖ ನೋಡಿ, “ಇವತ್ತೊಂದಿನ ನಿಮ್ಮ ಹುಳಗಳಿಗೆ ರಜೆ ಕೊಡಿ ಅತ್ತಿಗೆ. ನನ್ನ ಬೊಂಬೆ ನೋಡಿ,” ಅಂದ.

ಜೇನಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕತ್ತಲೆಯ ಟೊಳ್ಳು, ನೀರಿನ ಕೊಡದಷ್ಟು ಜಾಗ, ಸಣ್ಣ ಬಾಗಿಲು, ಒಳಗೆಲ್ಲ ತಮ್ಮದೇ ತವರಿನ ಮೇಣದ ವಾಸನೆ. ಒಂದು ಜೇನು ಕನಸಿನಲ್ಲಿ ಕಾಣುವ ಮನೆಯನ್ನು ಅವರಿಬ್ಬರೂ ಸೇರಿ ಕಟ್ಟಿ, ಅದರ ಮೇಲೆ ಕವಿಗಳ ಮುಖ ಇಟ್ಟಿದ್ದರು. ಮೇಣವನ್ನು ಡಬ್ಬದಲ್ಲಿ ತುಂಬಿ, ತಗೋ, ಬಿಸಾಕುವುದಕ್ಕಿಂತ ಒಳ್ಳೆಯದು ಅಂತ ಕೊಟ್ಟವಳು ಅವಳೇ.

ವಿಷಯ ಹೇಳಿದಾಗ ಮೈದುನನ ಮುಖ ಕವಿಗಳ ಮುಖಕ್ಕಿಂತ ಬೆಳ್ಳಗಾಯಿತು. ಮೇಡಂಗೆ ಹೇಳಿ ಕಾರ್ಯಕ್ರಮ ನಿಲ್ಲಿಸೋಣ ಅಂತ ಅವಳೇ ಎರಡು ಹೆಜ್ಜೆ ಹೋದಳು. ಆಗಲೇ ಮೇಡಂ ಮೈಕಿನ ಮುಂದೆ ನಿಂತಾಗಿತ್ತು. ಪಕ್ಕದಲ್ಲಿ ಕವಿಗಳ ಬಿಳಿ ಕೂದಲಿನ ಮಗಳು, ಬಟ್ಟೆ ಸರಿಸುವ ಹಗ್ಗದ ತುದಿ ಆಗಲೇ ಅವರ ಕೈಯಲ್ಲಿ. ಈಗ ಮೈಕಿನಲ್ಲಿ ಜೇನು ಅಂದರೆ ಇಷ್ಟು ಮಕ್ಕಳು ಒಂದೇ ಬಾಗಿಲಿಗೆ ಓಡುತ್ತವೆ, ತುಳಿತಕ್ಕೆ ಸಿಗುತ್ತವೆ. ಹುಳಕ್ಕಿಂತ ಅವಳಿಗೆ ಆ ಓಟದ ಭಯವೇ ಜಾಸ್ತಿಯಾಯಿತು. ಕಿಂಡಿ ಮುಚ್ಚಬೇಕು, ಅಷ್ಟೇ. ಮನೆ ಇಲ್ಲ ಅಂತಾದರೆ ಬ್ರೋಕರ್‌ಗಳು ಬೇರೆ ಜಾಗ ನೋಡಿಕೊಳ್ಳುತ್ತವೆ.

ಅವಳು ಗೋಡೆಗೆ ಒರಗಿ ಜಾರಿ, ಮೊಣಕಾಲು ನೋವನ್ನು ಹಲ್ಲಲ್ಲಿ ಕಚ್ಚಿ, ಹಿಂದಿನಿಂದ ಬಿಳಿ ಬಟ್ಟೆಯ ಒಳಗೆ ನುಗ್ಗಿದಳು.

ಒಳಗೆ ಬಿಸಿ, ಮೇಣದ ವಾಸನೆ, ಬಟ್ಟೆಯಿಂದ ಸೋರುವ ಹಾಲಿನಂಥ ಬೆಳಕು. ಕಿಂಡಿ ಕವಿಗಳ ಎರಡು ಭುಜಗಳ ನಡುವೆ ಇತ್ತು. ಬಾಯಿಯಿಂದ ಊದಿ ಹುಳಗಳನ್ನು ಹೊರಡಿಸಿ, ಹೆಗಲ ಮೇಲಿನ ಹಳದಿ ಒರೆಸುಬಟ್ಟೆ ಸುತ್ತಿ ಸುತ್ತಿ ಕಿಂಡಿಗೆ ತುರುಕಿ, ಎರಡೂ ಅಂಗೈ ಒತ್ತಿ ಹಿಡಿದಳು. ಹೊರಗೆ ಮೇಡಂ ದನಿ, ಕವಿಗಳು ತಿದ್ದಿದ ತಪ್ಪುಗಳ ಬಗ್ಗೆ ಏನೋ ತಮಾಷೆ, ಸಣ್ಣ ನಗು. ಆ ನಗುವಿನ ಮೇಲೆ ಇನ್ನೊಂದು ಸದ್ದು ಬಂತು, ಮಾಡಿನ ಮೇಲಿಂದ. ಮೈಕಿನ ಗುಂಯ್‌ ಅಂತ ಬೇರೆಯವರು ಅಂದುಕೊಂಡಿರಬೇಕು. ಜೇನಕ್ಕ ಅಂದುಕೊಳ್ಳಲಿಲ್ಲ. ಗೊಂಚಲು ಎದ್ದಿತ್ತು.

ಕೈ ತೆಗೆದರೆ ಹಸಿ ಪ್ಲಾಸ್ಟರಿನಲ್ಲಿ ಒರೆಸುಬಟ್ಟೆ ನಿಲ್ಲುತ್ತಿರಲಿಲ್ಲ. ಹೊರಗೆ ಬಂದರೆ ಎಲ್ಲರೂ ನೋಡುತ್ತಾರೆ. ಬಿಳಿ ಬಟ್ಟೆಯ ಆಚೆ ಒಂದು ನೆರಳು ಕೂತಿತು, ಎರಡು, ಆಮೇಲೆ ಮಳೆ ಹನಿ ಬಿದ್ದ ಹಾಗೆ ಪಟಪಟ ನೆರಳುಗಳು. ಕೆಲವು ಒಳಗೂ ಬಂದು ಅವಳ ಬೆರಳುಗಳ ಮೇಲೆ ನಡೆದವು, ಬಾಗಿಲು ಎಲ್ಲಿ ಹೋಯಿತು ಅಂತ ಹುಡುಕುತ್ತಾ. ಅವಳು ಉಸಿರನ್ನೂ ಅಳೆದು ಬಿಟ್ಟಳು. ಬೆವರು ಕಣ್ಣಿಗಿಳಿಯಿತು. ಮಗುವಿನ ಅಪ್ಪ, ಕಮಿಟಿ, ಖಾಲಿ ಗಾಜು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು.

ಆಗ ಹಗ್ಗ ಎಳೆದರು.

ಬಟ್ಟೆ ಜಾರಿತು, ಅದರ ಮೇಲಿದ್ದ ಹುಳಗಳು ಎದ್ದು ಪ್ರತಿಮೆಯ ಮೇಲೇ ಇಳಿದವು. ಕವಿಗಳು ಕೂತಿದ್ದರು. ಅವರ ತಲೆ, ಎಡ ಭುಜ, ಪೆನ್ನು ಹಿಡಿದ ತೋಳಿನ ಅರ್ಧದವರೆಗೆ ಜೀವಂತ ಕಂದು ಶಾಲು ಹೊದ್ದ ಹಾಗೆ ಜೇನು. ಹಿಂದೆ ಕವಿಗಳನ್ನು ಯಾರಾದರೂ ಕದ್ದುಕೊಂಡು ಹೋದಾರು ಅನ್ನುವ ಹಾಗೆ ಬೆನ್ನಿಗೆ ಎರಡೂ ಕೈ ಒತ್ತಿಕೊಂಡು ನಿಂತ ಜೇನಕ್ಕ. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಎಲ್ಲೋ ಒಂದು ಕುರ್ಚಿ ಮಗುಚಿತು.

ಜೇನಕ್ಕ ಜೋರಾಗಿ ಮಾತಾಡಿದವಳೇ ಅಲ್ಲ. ಆದರೂ ಆ ಅಂಗಳದ ಕೊನೆಯವರೆಗೆ ಕೇಳಿತು.

“ಯಾರೂ ಓಡ್ಬೇಡಿ. ಮಕ್ಳೇ, ಕೂತಲ್ಲೇ ಕೂತಿರಿ. ಇವಕ್ಕೆ ಈಗ ಮನೆಯಿಲ್ಲ. ಹೊಟ್ಟೆ ತುಂಬ ಜೇನು ತುಂಬ್ಕೊಂಡು ಹೊರಟಿವೆ, ಬಗ್ಗಿ ಕಚ್ಚೋಕೂ ಆಗಲ್ಲ ಅವಕ್ಕೆ. ನಾವು ಗಾಬರಿ ಮಾಡ್ದೆ ಇದ್ರೆ ಅವೂ ಮಾಡಲ್ಲ.”

ಎಲ್ಲರಿಗಿಂತ ಹತ್ತಿರ ನಿಂತಿದ್ದವರು ಕವಿಗಳ ಮಗಳು. ಹಗ್ಗ ಇನ್ನೂ ಅವರ ಕೈಯಲ್ಲಿತ್ತು. ಅವರು ಅಪ್ಪನ ಮುಖವನ್ನು, ಅದರ ಮೇಲೆ ಹರಿಯುವ ಹುಳಗಳನ್ನು ಸ್ವಲ್ಪ ಹೊತ್ತು ನೋಡಿದರು.

“ಅಪ್ಪ ಜಿರಳೆ ಕಂಡ್ರೂ ಮಂಚ ಹತ್ತೋರು,” ಅಂದರು. “ಇಷ್ಟೊತ್ತು ಕದಲದೆ ಕೂತಿದ್ದಾರೆ ಅಂದ್ರೆ ಇದು ಪ್ರತಿಮೆಯೇ, ಅನುಮಾನ ಇಲ್ಲ. ನಾನೇನು ಮಾಡ್ಲಿ, ಹೇಳಮ್ಮ.”

ಹಿಂದಿನ ಸಾಲಿನಿಂದ ಯಾರೋ ನಕ್ಕರು. ಆ ನಗು ಒಂದು ಬಾಗಿಲು ತೆರೆದ ಹಾಗೆ ಮುಂದಕ್ಕೆ ಹಬ್ಬಿತು. ನಾಲ್ಕೈದು ಜನ ಆಗಲೇ ಗೇಟ್ ದಾಟಿದ್ದರು, ಉಳಿದವರು ಕೂತರು. ಮೆಟ್ಟಿಲ ಕೆಳಗಿನ ಪೆಟ್ಟಿಗೆ ತರಲು ಜೇನಕ್ಕ ಹೇಳಿದಾಗ ಮೈದುನ ಕಂಬವನ್ನೇ ತಬ್ಬಿಕೊಂಡ. ತಂದವರು ಮೇಡಂ, ಚಪ್ಪಲಿ ಕಳಚಿಟ್ಟು, ಸದ್ದಾಗದ ಹಾಗೆ ನಡೆದು. ಅವರ ಮುಖದಲ್ಲಿ ಏನಿದೆ ಅಂತ ನೋಡಲು ಜೇನಕ್ಕನಿಗೆ ಧೈರ್ಯ ಬರಲಿಲ್ಲ. ಒರೆಸುಬಟ್ಟೆ ಒತ್ತಿ ಹಿಡಿಯುವ ಕೆಲಸವನ್ನು ಮೈದುನನಿಗೆ ಒಪ್ಪಿಸಿ, ಅವಳು ಬರಿಗೈಯಲ್ಲಿ ಹುಳಗಳನ್ನು ಬೊಗಸೆ ಬೊಗಸೆಯಾಗಿ ಪೆಟ್ಟಿಗೆಗೆ ಇಳಿಸಿದಳು. ಕವಿಗಳ ಕಿವಿಯ ಹಿಂದೆ ಉದ್ದ ಹೊಟ್ಟೆಯ ಮುದಿ ರಾಣಿ ಸಿಕ್ಕಿತು. ಅದು ಪೆಟ್ಟಿಗೆಯೊಳಗೆ ಹೋದದ್ದೇ ತಡ, ಬಾಗಿಲಲ್ಲಿ ನಿಂತ ಹುಳಗಳು ಬಾಲ ಎತ್ತಿ ರೆಕ್ಕೆ ಬೀಸಿ ಉಳಿದವನ್ನು ಕರೆಯತೊಡಗಿದವು. ಮೆರವಣಿಗೆ ಹೊರಟ ಹಾಗೆ ಸಾಲು ಸಾಲಾಗಿ ನಡೆದು ಒಳಗೆ ಹೋದವು. ಮಕ್ಕಳು ಮಂಡಿಯ ಮೇಲೆ ಎದ್ದು ನಿಂತು ನೋಡಿದರು. ಇಷ್ಟೆಲ್ಲ ಆಗಿ ಕಚ್ಚಿಸಿಕೊಂಡವನು ಒಬ್ಬನೇ, ಮೂಗಿನ ಮೇಲೆ ಕೂತ ಹುಳವನ್ನು ಒರೆಸಲು ಹೋದ ಮೈದುನ. ಆ ದಿನದ ಫೋಟೋಗಳಲ್ಲಿ ಕವಿಗಳ ಮೂಗು ತಿದ್ದಿದ ಹಾಗಿದೆ, ಮಾಡಿದವನ ಮೂಗು ಬದನೆಕಾಯಿ.

ಎಲ್ಲ ಮುಗಿದ ಮೇಲೆ ಮೇಡಂ ಹೇಳಿದ್ದು ಒಂದೇ ಮಾತು, ನಾಳೆ ಬೆಳಿಗ್ಗೆ ಮಹಡಿಗೆ ಬರ್ತೀನಿ ಅಂತ.

ಮಾರನೆಯ ದಿನ ಜೇನಕ್ಕ ಮಹನೀಯರ ಮೂಗು ಒರೆಸಿದಳು, ಯಾರ ಹತ್ತಿರವೂ ಮಾತಾಡಲಿಲ್ಲ. ಗ್ರೀಕ್ ಪಂಡಿತರೂ ಅಂದು ಬಚಾವ್. ಮೇಡಂ ಬಂದಾಗ ಅವಳು ಗೂಡಿನ ಪಕ್ಕ ಆರೋಪಿಯ ಹಾಗೆ ನಿಂತಿದ್ದಳು. ಕಮಿಟಿಗೆ ಎರಡು ದೂರು ಹೋಗಿವೆ ಅಂತ ಮೇಡಂ ಮೆಲ್ಲಗೆ ಹೇಳಿದರು. ಜೇನಕ್ಕ ತಲೆಯಾಡಿಸಿದಳು. ಗಾಜಿನ ಹಿಂದೆ ಅರ್ಧ ಖಾಲಿಯಾದ ಎರಿಗಳು. ಅಷ್ಟರಲ್ಲಿ ಗೂಡಿನೊಳಗಿಂದ ಒಂದು ಸದ್ದು ಬಂತು, ಸಣ್ಣ ತುತ್ತೂರಿ ಊದಿದ ಹಾಗೆ, ಪೀಂ... ಪೀಂ ಪೀಂ. ಅದಕ್ಕೆ ಬ್ಯಾ ಬ್ಯಾ ಅಂತ ಬಾತುಕೋಳಿ ಉತ್ತರ ಕೊಟ್ಟ ಹಾಗೆ ಇನ್ನೊಂದು.

“ಏನದು?” ಮೇಡಂ ಬಗ್ಗಿ ಗಾಜಿಗೆ ಕಿವಿ ಕೊಟ್ಟರು.

“ಹೊಸ ರಾಣಿ, ಮೇಡಂ. ನಿನ್ನೆಯೋ ಇವತ್ತೋ ಹೊರಗೆ ಬಂದಿದ್ದಾಳೆ. ಕೋಣೆ ಒಳಗೆ ಇನ್ನೂ ಇರೋರು ಉತ್ತರ ಕೊಡ್ತಿದ್ದಾರೆ. ಇವರಲ್ಲಿ ಒಬ್ಬಳು ಉಳೀತಾಳೆ.”

“ಆಮೇಲೆ?”

“ಆಮೇಲೆ ಒಂದು ದಿನ ಬಿಸಿಲಲ್ಲಿ ಹೊರಗೆ ಹಾರ್ತಾಳೆ. ವಾಪಸ್ ಬಂದ್ರೆ ಗೂಡು ಬದುಕುತ್ತೆ.”

“ಬರ್ದಿದ್ರೆ?”

“ಹಕ್ಕಿ ಹಿಡಿದ್ರೆ ಬರಲ್ಲ.” ಜೇನಕ್ಕ ಗಾಜಿನ ಮೇಲೆ ಇಲ್ಲದ ಧೂಳು ಒರೆಸಿದಳು. “ಆಗ ನೀವು ತೆಗೆಸೋದೇ ಬೇಡ ಮೇಡಂ. ತಾನಾಗೇ ಖಾಲಿಯಾಗುತ್ತೆ.”

ಮೇಡಂ ಇನ್ನೊಂದು ಸಲ ಗಾಜಿಗೆ ಕಿವಿ ಕೊಟ್ಟರು. ಪೀಂ ಪೀಂ ಅನ್ನುತ್ತಲೇ ಇತ್ತು. ಕೊನೆಗೆ ಅವರು, ಅವಳು ವಾಪಸ್ ಬಂದರೆ ಗೂಡು ಇಟ್ಟುಕೊಳ್ಳೋಣ, ಕಮಿಟಿಯ ಮುಂದೆ ನಾನು ಕೂರುತ್ತೇನೆ, ಇನ್ನು ಮುಂದೆ ಪಾಲು ಮಾಡುವ ಕಾಲ ಬಂದರೆ ಮಾತ್ರ ಮೊದಲು ನನಗೆ ಹೇಳಬೇಕು, ಏಣಿ ನಾನು ಹಿಡಿಯುತ್ತೇನೆ ಅಂದರು.

ಅಲ್ಲಿಂದ ಜೇನಕ್ಕನ ದಿನಗಳು ಬಿಸಿಲು ಕಾಯುವ ದಿನಗಳಾದವು. ಕಾಗೆ ಕೂತರೆ ಓಡಿಸುವಳು, ಮೋಡ ಬಂದರೆ ಬೈಯುವಳು. ಮೈದುನ ಕಿಂಡಿಗೆ ಜಾಲರಿ ಹಾಕಿ ಹೋದ, ಮುದಿ ರಾಣಿಯ ಪೆಟ್ಟಿಗೆ ಅವನ ಮನೆಯ ತಾರಸಿ ಸೇರಿತು. ಒಂದು ಮಧ್ಯಾಹ್ನ, ಒಳ್ಳೆ ಬಿಸಿಲು, ಹೊಸ ರಾಣಿ ಕೊಳವೆಯ ಬಾಯಿಗೆ ಬಂದು, ಗೂಡಿನ ಕಡೆ ಮುಖ ಮಾಡಿ ಎರಡು ಸಲ ಹಾರಾಡಿ ಜಾಗ ಗುರುತು ಹಾಕಿಕೊಂಡು, ಆಮೇಲೆ ಆಕಾಶದಲ್ಲಿ ಇಲ್ಲವಾದಳು. ಜೇನಕ್ಕ ಕೆಳಗೆ ಹೇಳಿ ಕಳಿಸಿದಳು. ಮೇಡಂ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು, ಕನ್ನಡಕ ಮೇಜಿನ ಮೇಲೇ ಮರೆತು.

ಇಬ್ಬರೂ ಕಿಟಕಿಯಲ್ಲಿ ನಿಂತರು. ಹೊರಗೆ ಎಷ್ಟೋ ಹುಳಗಳು, ಎಲ್ಲವೂ ಒಂದೇ ಥರ. ಒಂದು ಹಕ್ಕಿ ಸರ್ರನೆ ಅಡ್ಡ ಹಾರಿದಾಗ ಜೇನಕ್ಕ ಕೈ ಬೀಸಿ ಹುಶ್ ಅಂದಳು. ಹೊತ್ತು ಹೋಗುತ್ತಲೇ ಇತ್ತು, ಬಿಸಿಲು ಕಿಟಕಿಯ ಅಂಚಿನಿಂದ ಜಾರುತ್ತಿತ್ತು.

“ನನಗೇನೂ ಕಾಣ್ತಿಲ್ಲ,” ಅಂದರು ಮೇಡಂ, ಕಣ್ಣು ಕಿರಿದು ಮಾಡಿ. “ನೀವು ನೋಡಿ ಹೇಳಿ, ಜೇನಕ್ಕ.”

ಜೇನಕ್ಕ ನೋಡುತ್ತಿದ್ದಳು. ಕಣ್ಣು ಮಿಟುಕಿಸಲಿಲ್ಲ. ಕೊಳವೆಯ ಬಾಯಲ್ಲಿ ಕೂತಿದ್ದ ಹುಳಗಳು ಇದ್ದಕ್ಕಿದ್ದ ಹಾಗೆ ಬಾಲ ಎತ್ತಿ ರೆಕ್ಕೆ ಬೀಸತೊಡಗಿದವು. ಅವುಗಳ ನಡುವೆ ಬೇರೆಯವಕ್ಕಿಂತ ಉದ್ದದ, ಸುಸ್ತಾದ ಒಂದು ಹುಳ ಧೊಪ್ಪನೆ ಬಂದು ಇಳಿಯಿತು.

“ಬಂದ್ಲು ಮೇಡಂ,” ಅಂದಳು ಜೇನಕ್ಕ. ಹೇಳಿದ ಮೇಲೂ ಇನ್ನೊಂದು ಸಲ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು.